‘ಜೋಪಾನ’ ಎಂಬ ಒಂದೇ ಮಾತು

ಕುರೆಕುಪ್ಪದಲ್ಲಿ ಬಟ್ಟೆ ಒಗೆಯುವ ಹೆಂಗಸರ ದೂರು ಒಂದೇ. ಸಂಡೂರಿನ ಬೆಟ್ಟಗಳಿಂದ ಅದಿರು ಹೊತ್ತು ಇಳಿಯುವ ಲಾರಿಗಳು ದಾರಿಯುದ್ದಕ್ಕೂ ಕೆಂಧೂಳನ್ನು ಹಂಚುತ್ತ ಹೋಗುತ್ತವೆ. ತಂತಿಯ ಮೇಲೆ ಹರಡಿದ ಬಿಳಿಯ ಪಂಚೆ ಸಂಜೆಗೆ ಕಾವಿಯ ಬಣ್ಣಕ್ಕೆ ತಿರುಗಿ, ಮನೆಯ ಯಜಮಾನ ಯಾವ ಮಠಕ್ಕೂ ಸೇರದೆಯೇ ಅರ್ಧ ಸನ್ಯಾಸಿಯಾಗಿಬಿಡುತ್ತಾನೆ. ಇದಕ್ಕೆ ಅಲ್ಲಿಯ ಗೃಹಿಣಿಯರು ಹೊಂದಿಕೊಂಡು ಬಹಳ ಕಾಲವಾಯಿತು. ಆದರೆ ಒಂದು ದೀಪಾವಳಿಯ ಮರುದಿನ ಒಗೆಯುವ ಕಲ್ಲಿನ ಮುಂದೆ ಕುಳಿತಿದ್ದ ಒಬ್ಬ ತಾಯಿಯ ಕೈಗೆ ಸಿಕ್ಕಿದ್ದು ಧೂಳಲ್ಲ, ತೂತು. ಮಗಳ ಹತ್ತಿಯ ದುಪಟ್ಟಾದಲ್ಲಿ, ಎದೆಯ ಮೇಲೆ ಬೀಳುವ ಕಡೆ, ಕೊತ್ತಂಬರಿ ಕಾಳಿನಷ್ಟು ದೊಡ್ಡ ಮೂರು ತೂತುಗಳು. ನೀರಿಗೆ ಹಾಕುವ ಮುನ್ನ ಅವು ಇರಲಿಲ್ಲವೆಂದು ಆಕೆ ಆಣೆಯಿಟ್ಟು ಹೇಳಬಲ್ಲವಳಾಗಿದ್ದಳು.

ಇಲಿಯ ಮೇಲೆ, ಸಾಬೂನಿನ ಮೇಲೆ, ಕೊನೆಗೆ ಬಟ್ಟೆ ಮಾರಿದ ಹೊಸಪೇಟೆಯ ಅಂಗಡಿಯವನ ಮೇಲೆ ಆಪಾದನೆ ಹೊರಿಸಿಯಾಯಿತು. ಜಗುಲಿಯ ಮೇಲೆ ಚಹಾ ಕುಡಿಯುತ್ತಿದ್ದ ತಂದೆ ಆ ದುಪಟ್ಟಾವನ್ನು ತರಿಸಿ, ಬೆಳಕಿಗೆ ಹಿಡಿದು, ತೂತಿನ ಅಂಚನ್ನು ಬೆರಳಿನಿಂದ ಉಜ್ಜಿ ನೋಡಿದನು. ಅಂಚು ಪುಡಿಪುಡಿಯಾಗಿ ಉದುರಿತು. “ಇದು ಇಲಿಯ ಕೆಲಸವಲ್ಲ, ಆಸಿಡ್ಡು” ಎಂದನು. ಒಳಗಿನಿಂದ ಬಂದ ಮಗಳು ನಕ್ಕುಬಿಟ್ಟಳು. ಗಂಧಕಾಮ್ಲದ ಹನಿ ಹತ್ತಿಯ ಮೇಲೆ ಬಿದ್ದರೆ ಆಗಲೇ ಏನೂ ಕಾಣಿಸುವುದಿಲ್ಲ; ನೂಲು ಒಳಗೊಳಗೇ ಸತ್ತಿರುತ್ತದೆ; ಒಗೆದಾಗ ಮಾತ್ರ ತೂತು ಹೊರಬೀಳುತ್ತದೆ ಎಂದು ತಾಯಿಗೆ ವಿವರಿಸಿ ಹೇಳಿದಳು. ಅವಳ ಗೆಳತಿಯರೆಲ್ಲರ ಬಟ್ಟೆಯಲ್ಲಿಯೂ ಇಂಥ ತೂತುಗಳಿದ್ದವಂತೆ. ರಸಾಯನಶಾಸ್ತ್ರದಲ್ಲಿ ಸಂಶೋಧನೆಗೆ ಸೇರಿ ಆಗಿನ್ನೂ ಆರು ತಿಂಗಳಾಗಿದ್ದ ಆಕೆಗೆ ಅದು ಒಂದು ಬಗೆಯ ಪದಕವೇ ಆಗಿತ್ತು.

ತಂದೆ ಮಾತ್ರ ನಗಲಿಲ್ಲ. ಬಟ್ಟೆಯ ಮೇಲೆ ಎದೆಯ ಮಟ್ಟದಲ್ಲಿ ಬಿದ್ದ ಹನಿ ಇನ್ನೊಂದು ಗೇಣು ಮೇಲೆ ಹಾರಿದ್ದರೆ ಎಲ್ಲಿ ಬೀಳುತ್ತಿತ್ತು ಎಂಬ ಲೆಕ್ಕ ಅವನ ತಲೆಯಲ್ಲಿ ಓಡುತ್ತಿತ್ತು. ಅವನು ಕೇಳಿದ್ದು ಒಂದೇ ಪ್ರಶ್ನೆ: “ಒಳಗೆ ಬಿಡುವ ಮೊದಲು ನಿಮಗೆ ಎಷ್ಟು ದಿವಸ ತರಬೇತಿ ಕೊಟ್ಟರು?”

ಈ ಪ್ರಶ್ನೆ ಅವನಿಗೆ ಸಹಜವಾಗಿ ಬಂದದ್ದಕ್ಕೆ ಕಾರಣವಿದೆ. ಕುರೆಕುಪ್ಪದ ಪಕ್ಕದಲ್ಲಿಯೇ ತೋರಣಗಲ್ಲು. ಅಲ್ಲಿ ವಿಜಯನಗರ ಉಕ್ಕಿನ ಕಾರ್ಖಾನೆಗೆ ಪ್ರಧಾನಿ ಇಂದಿರಾ ಗಾಂಧಿಯವರು ಅಡಿಗಲ್ಲಿಟ್ಟದ್ದು 1971ರಲ್ಲಿ. ಕಲ್ಲು ಇಟ್ಟಲ್ಲಿಯೇ ಎರಡು ದಶಕಕ್ಕೂ ಹೆಚ್ಚು ಕಾಲ ತಪಸ್ಸು ಮಾಡಿತು. 1994ರಲ್ಲಿ ಜಿಂದಾಲರ ಕಂಪನಿ ಹುಟ್ಟಿದ ಮೇಲೆ ಜೋಳದ ಹೊಲಗಳ ನಡುವೆ ಕುಲುಮೆಗಳು ಎದ್ದವು. ಅಂಥ ಕಾರ್ಖಾನೆಯೆಂದರೆ ಬೆಂಕಿಯ ಊರು. ಅಲ್ಲಿ ಕಬ್ಬಿಣ ನೀರಿನಂತೆ ಹರಿಯುತ್ತದೆ. ಆದರೆ ಕೆಲಸಗಾರರು ಹೆಚ್ಚು ಹೆದರುವುದು ಕಣ್ಣಿಗೆ ಕಾಣುವ ಆ ಕೆಂಪು ಹೊಳೆಗಲ್ಲ, ಕಾಣದ ಇಂಗಾಲದ ಮಾನಾಕ್ಸೈಡಿಗೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಉಸಿರಾಡಿದವನಿಗೆ ತನಗೆ ಏನೋ ಆಗುತ್ತಿದೆಯೆಂದು ತಿಳಿಯುವ ಹೊತ್ತಿಗೆ ಕಾಲಿನಲ್ಲಿ ಶಕ್ತಿ ಇರುವುದಿಲ್ಲ. ಬ್ರಿಟನ್ನಿನ ಕಲ್ಲಿದ್ದಲ ಗಣಿಗಳಲ್ಲಿ ಇದೇ ಕಾರಣಕ್ಕೆ, ವಿಜ್ಞಾನಿ ಜೆ.ಎಸ್. ಹಾಲ್ಡೇನರ ಸಲಹೆಯಂತೆ, ಪಂಜರದಲ್ಲಿ ಕ್ಯಾನರಿ ಹಕ್ಕಿಯನ್ನು ಒಯ್ಯುತ್ತಿದ್ದರು. ಹಕ್ಕಿ ಬಿದ್ದರೆ ಮನುಷ್ಯರು ಓಡಬೇಕು. ಆ ಪಾಪದ ಹಕ್ಕಿಗೆ ಬಿಡುಗಡೆ ಸಿಕ್ಕಿ, ಆ ಕೆಲಸ ಪೂರ್ತಿಯಾಗಿ ಯಂತ್ರಕ್ಕೆ ವರ್ಗವಾದದ್ದು 1986ರಲ್ಲಿ.

ಈ ತಂದೆ ಗುತ್ತಿಗೆದಾರನೊಬ್ಬನ ಕೈಕೆಳಗೆ ಬೆಸುಗೆಯ ಸಹಾಯಕನಾಗಿ ಸೇರಿದವನು. ಓದಿದ್ದು ಏಳನೆಯ ತರಗತಿ. ಆದರೂ ಬಾಗಿಲೊಳಗೆ ಕಾಲಿಡುವ ಮುನ್ನ ಅವನನ್ನು ಒಂದು ಕೋಣೆಯಲ್ಲಿ ಕೂರಿಸಿ ಚಿತ್ರ ತೋರಿಸಿದರು, ಪಾಠ ಹೇಳಿದರು, ಕೊನೆಗೆ ಪರೀಕ್ಷೆಯನ್ನೂ ಮಾಡಿದರು. ಅಕ್ಷರ ಬಾರದವರಿಗೆ ಚಿತ್ರಗಳ ಪ್ರಶ್ನೆಪತ್ರಿಕೆ. ಪರೀಕ್ಷೆಯಲ್ಲಿ ನಪಾಸಾದವನಿಗೆ ಗೇಟಿನ ಪಾಸು ಇಲ್ಲ. ಅವನ ತಂದೆ, ಎಂದರೆ ಈ ಹುಡುಗಿಯ ಅಜ್ಜ, ಸಂಡೂರಿನ ಮ್ಯಾಂಗನೀಸ್ ಗಣಿಯಲ್ಲಿ ಬುಟ್ಟಿ ಹೊತ್ತವನು. ಅವನಿಗೂ ತರಬೇತಿಯಾಗಿತ್ತು. 1952ರ ಗಣಿ ಕಾಯಿದೆಯನ್ನು ಅನುಸರಿಸಿ 1966ರಲ್ಲಿ ಬಂದ ವೃತ್ತಿ ತರಬೇತಿಯ ನಿಯಮಗಳು, ತರಬೇತಿಯಿಲ್ಲದೆ ಯಾರನ್ನೂ ಗಣಿಯ ಕೆಲಸಕ್ಕೆ ಹಚ್ಚಕೂಡದೆಂದು ಸಾರಿದ್ದವು. ಆ ಅಜ್ಜನ ಪ್ರಮಾಣಪತ್ರ, ಹೆಬ್ಬೆಟ್ಟಿನ ಗುರುತಿನೊಡನೆ, ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಜಮೀನಿನ ಪತ್ರಗಳ ಕೆಳಗೆ ಇನ್ನೂ ಇದೆ.

ಹೀಗೆ ಎರಡು ತಲೆಮಾರು ಸುರಕ್ಷತೆಯ ಪಾಠ ಕೇಳಿ ಸರ್ಟಿಫಿಕೇಟು ಪಡೆದ ಮನೆತನದ ಮೂರನೆಯ ತಲೆಮಾರು, ಎಂ.ಎಸ್ಸಿ.ಯಲ್ಲಿ ಪ್ರಥಮ ದರ್ಜೆ ಪಡೆದವಳು, ತಂದೆಯ ಪ್ರಶ್ನೆಗೆ ಒಂದು ಕ್ಷಣ ಸುಮ್ಮನಾದಳು. ತರಬೇತಿ ಎಂಬುದೇನೂ ಆಗಿರಲಿಲ್ಲ. ಮೊದಲನೆಯ ದಿನ ಹಿರಿಯ ವಿದ್ಯಾರ್ಥಿಯೊಬ್ಬ ಬೀಗದ ಕೈಯನ್ನು ಅವಳಿಗೆ ಒಪ್ಪಿಸಿ, ಆಮ್ಲಗಳ ಕಪಾಟು, ದ್ರಾವಕಗಳ ಕಪಾಟು, ಮೂಲೆಯಲ್ಲಿ ನಿಂತಿದ್ದ ಅನಿಲದ ಸಿಲಿಂಡರುಗಳು ಇಷ್ಟನ್ನೂ ತೋರಿಸಿ, “ಜೋಪಾನ” ಎಂದಿದ್ದ. ಆ ಒಂದು ಮಾತೇ ತರಬೇತಿ. ಆತನಿಗೂ ಆತನ ಹಿರಿಯರು ಅದೇ ಮಾತನ್ನು ಹೇಳಿದ್ದರಂತೆ. ನಮ್ಮಲ್ಲಿ ಸಂಗೀತವೂ ಸಾಂಬಾರಿನ ಪುಡಿಯ ಗುಟ್ಟೂ ಗುರುಮುಖದಿಂದಲೇ ಬರುವುದುಂಟು, ನಿಜ. ಆದರೆ ಸಾಂಬಾರು ಕೆಟ್ಟರೆ ಒಂದು ಹೊತ್ತಿನ ಊಟ ಕೆಡುತ್ತದೆ, ಅಷ್ಟೆ.

ಇದು ಆ ಒಂದು ವಿಶ್ವವಿದ್ಯಾನಿಲಯದ ದೋಷವೆಂದು ತಿಳಿದು ಬೆರಳು ತೋರಿಸುವುದು ಸುಲಭ. ಆದರೆ ವಿಷಯ ಅದಕ್ಕಿಂತ ಹಳೆಯದು, ಅಗಲವಾದದ್ದು. ವಿಜ್ಞಾನಕ್ಕೆ ಮೊದಲಿನಿಂದಲೂ ಅಪಾಯದ ಬಗ್ಗೆ ಒಂದು ತೆರನ ಹುಸಿ ಪ್ರೀತಿ ಇದೆ. ಫ್ರಾನ್ಸಿನ ಡ್ಯುಲಾಂಗ್ 1811ರಲ್ಲಿ ಸಾರಜನಕದ ಟ್ರೈಕ್ಲೋರೈಡನ್ನು ಕಂಡುಹಿಡಿದು, ಅದರ ಸಿಡಿತಕ್ಕೆ ಒಂದು ಕಣ್ಣನ್ನೂ ಬೆರಳುಗಳನ್ನೂ ತೆತ್ತನು. ಮರುವರ್ಷ ಇಂಗ್ಲೆಂಡಿನ ಹಂಫ್ರಿ ಡೇವಿ ಅದೇ ವಸ್ತುವನ್ನು ಕೈಗೆತ್ತಿಕೊಂಡು ಕಣ್ಣಿಗೆ ಪೆಟ್ಟು ಮಾಡಿಕೊಂಡನು. ಬರೆಯಲಾರದೆ ಸಹಾಯಕ್ಕೆ ಒಬ್ಬ ಹುಡುಗನನ್ನು ಕರೆಸಿಕೊಂಡನು. ಆ ಹುಡುಗನೇ ಮೈಕೆಲ್ ಫ್ಯಾರಡೆ. ಮಕ್ಕಳ ಪಾಠದ ಮೇಜಿನ ಮೇಲೆ ಉರಿಯುವ ದೀಪಕ್ಕೆ ಯಾರ ಹೆಸರಿದೆಯೋ ಆ ಬುನ್ಸೆನ್ ಸಹ ಆರ್ಸೆನಿಕ್ಕಿನ ಒಂದು ಸಂಯುಕ್ತ ಸಿಡಿದು ಒಂದು ಕಣ್ಣಿನ ದೃಷ್ಟಿಯನ್ನು ಕಳೆದುಕೊಂಡವನೇ. ರೇಡಿಯಮ್ಮಿನ ಹೊಳಪನ್ನು ಮೆಚ್ಚಿ ನೋಡುತ್ತಿದ್ದ ಮೇರಿ ಕ್ಯೂರಿ 1934ರಲ್ಲಿ ರಕ್ತದ ರೋಗದಿಂದ ತೀರಿಕೊಂಡರು. ಅವರ ಟಿಪ್ಪಣಿ ಪುಸ್ತಕಗಳು ಇಂದಿಗೂ ವಿಕಿರಣ ಸೂಸುತ್ತವೆ. ಈ ಕಥೆಗಳನ್ನು ಪಾಠದ ಪುಸ್ತಕಗಳು ತ್ಯಾಗದ ಕಥೆಗಳಂತೆ ಹೇಳುತ್ತ ಬಂದಿವೆ. ಅವುಗಳಲ್ಲಿ ಬಹಳವು ಕನ್ನಡಕವೊಂದಿದ್ದರೆ ಕಥೆಯೇ ಆಗದೆ ಮುಗಿಯುತ್ತಿದ್ದವು ಎಂದು ಯಾವ ಪುಸ್ತಕವೂ ಬರೆಯುವುದಿಲ್ಲ.

ಮಗಳು ಈ ಮಾತುಗಳನ್ನೇ ತಂದೆಯ ಮುಂದೆ ಹೆಮ್ಮೆಯಿಂದ ಹೇಳಿದಳು. ಅವನು ಸಮಾಧಾನವಾಗಿ ಕೇಳಿ, “ಅವರಿಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿದೆಯಲ್ಲ?” ಎಂದನು. ಬೆಸುಗೆಯವನ ಈ ಮಾತಿಗೆ ಪ್ರಥಮ ದರ್ಜೆಯ ಹತ್ತಿರ ಉತ್ತರವಿರಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಅವಳೇ ಒಂದು ಸಂಗತಿಯನ್ನು ತೆಗೆದಳು. 2018ರ ಡಿಸೆಂಬರ್ 5ರ ಮಧ್ಯಾಹ್ನ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಡೆದ ಸ್ಫೋಟ ಅದು. 1909ರಲ್ಲಿ ಹುಟ್ಟಿದ, ನಾಡಿನವರು ಇನ್ನೂ ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಆ ಸಂಸ್ಥೆಯ ವೈಮಾಂತರಿಕ್ಷ ವಿಭಾಗದಲ್ಲಿ, ಶಬ್ದದ ವೇಗವನ್ನು ಅನೇಕ ಪಟ್ಟು ಮೀರಿದ ಗತಿಯನ್ನೂ ಆಘಾತ ತರಂಗಗಳನ್ನೂ ಅಭ್ಯಸಿಸುವ ಪ್ರಯೋಗಾಲಯವಿದೆ. ಅಲ್ಲಿ ಅನಿಲದ ಸಿಲಿಂಡರು ಸಿಡಿದು ಮೂವತ್ತೆರಡು ವರ್ಷದ ಸಂಶೋಧಕನೊಬ್ಬ ಸ್ಥಳದಲ್ಲಿಯೇ ಮಡಿದನು. ಮೂವರು ತೀವ್ರವಾಗಿ ಗಾಯಗೊಂಡರು. ನಾಲ್ವರೂ ಆ ಆವರಣದಲ್ಲಿಯೇ ಹುಟ್ಟಿದ ಒಂದು ಚಿಕ್ಕ ಕಂಪನಿಯ ಕೆಲಸದವರು. ಮನೆಯಿಂದ ಬುತ್ತಿ ಕಟ್ಟಿಕೊಂಡು ಹೋದವನು ಸಂಜೆಗೆ ಮರಳಲಿಲ್ಲ. ದೇಶದ ಅತ್ಯುನ್ನತ ವಿದ್ಯಾಸ್ಥಾನದಲ್ಲಿ, ಮರಗಳ ನೆರಳಿನಲ್ಲಿ, ಹಕ್ಕಿಗಳ ಕೂಗಿನ ನಡುವೆ ಇಂಥದು ನಡೆಯಬಹುದೆಂದು ಬೆಂಗಳೂರಿನವರು ಎಣಿಸಿರಲಿಲ್ಲ. ಇಂದು ಆ ಸಂಸ್ಥೆಯಲ್ಲಿ ಪ್ರಯೋಗಾಲಯದ ಸುರಕ್ಷತೆಗೆಂದೇ ಪ್ರತ್ಯೇಕ ಕಚೇರಿ ಇದೆ.

“ಸಿಲಿಂಡರೇ?” ಎಂದು ತಂದೆ ಎದ್ದು ಕುಳಿತನು. ಆ ವಿಷಯದಲ್ಲಿ ಅವನು ಪಂಡಿತ. ಕರಿಯದು ಆಮ್ಲಜನಕ, ಕೆಂಪಿನದು ಜಲಜನಕ, ಕಂದುಗೆಂಪಿನದು ಅಸಿಟಿಲೀನು. ಉರಿಯುವ ಅನಿಲದ ಮರೆ ಎಡಕ್ಕೆ ತಿರುಗುತ್ತದೆ, ಉಳಿದವುಗಳದು ಬಲಕ್ಕೆ. ಕತ್ತಲೆಯಲ್ಲಿ ಕೈಯಾಡಿಸಿದರೂ ತಪ್ಪಾಗಬಾರದೆಂಬ ಏರ್ಪಾಡು ಅದು. ಆಮ್ಲಜನಕದ ಕವಾಟಕ್ಕೆ ಎಣ್ಣೆ ತಾಗಿಸಬಾರದು, ತಾಗಿದರೆ ಹೊತ್ತಿಕೊಳ್ಳುತ್ತದೆ. ನಿಂತ ಸಿಲಿಂಡರನ್ನು ಸರಪಳಿಯಿಂದ ಬಿಗಿಯದೆ ಬಿಡುವುದೆಂದರೆ ಗೂಟಕ್ಕೆ ಕಟ್ಟದೆ ಹೋರಿಯನ್ನು ಬೀದಿಗೆ ಬಿಟ್ಟಂತೆ. ಅದರೊಳಗೆ ಅನಿಲ ಗಾಳಿಯ ಒತ್ತಡದ ನೂರೈವತ್ತು ಪಟ್ಟು ಒತ್ತಡದಲ್ಲಿ ಕುಳಿತಿರುತ್ತದೆ. ಬಿದ್ದು ಕತ್ತು ಮುರಿದರೆ ಅದು ಗೋಡೆಯನ್ನೂ ಸೀಳಿಕೊಂಡು ಹೋಗುವ ಬಾಣ. ಇನ್ನು ಜಲಜನಕದ ಮಾತೇ ಬೇರೆ: ಗಾಳಿಯಲ್ಲಿ ನೂರಕ್ಕೆ ನಾಲ್ಕು ಪಾಲು ಬೆರೆತರೂ ಕಿಡಿ ಸಾಕು, ಎಪ್ಪತ್ತೈದು ಪಾಲು ಬೆರೆತರೂ ಕಿಡಿ ಸಾಕು. ಕೊನೆಯ ಲೆಕ್ಕವನ್ನು ಸೇರಿಸಿದವಳು ಮಗಳು. ಅಂಕಿ ಅವಳಿಗೆ ಗೊತ್ತಿತ್ತು, ಸರಪಳಿ ಅವನಿಗೆ ಗೊತ್ತಿತ್ತು.

“ನಿಮ್ಮಲ್ಲಿ ಸರಪಳಿ ಹಾಕಿದ್ದಾರೋ?” ಎಂದನು.

ಅವಳು ನೆನಪು ಮಾಡಿಕೊಂಡಳು. ಮೂಲೆಯಲ್ಲಿ ಎರಡು ಸಿಲಿಂಡರು. ಒಂದನ್ನು ಕಿಟಕಿಯ ಸರಳಿಗೆ ನೈಲಾನ್ ಹಗ್ಗದಿಂದ ಕಟ್ಟಿದ್ದರು. ಮತ್ತೊಂದರ ಕೊರಳಿಗೆ ಯಾರೋ ತಮ್ಮ ಬಿಳಿಯ ಅಂಗಿಯನ್ನು ನೇತುಹಾಕುತ್ತಿದ್ದರು.

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಕಾರ್ಖಾನೆಯ ಕೂಲಿಯವನಿಗೆ ಕಾನೂನಿನ ರಕ್ಷೆ ಬಂದದ್ದು ಸುಮ್ಮನೆ ಅಲ್ಲ. ಹೆಣಗಳನ್ನು ಎಣಿಸಿ ಬಂದದ್ದು. 1984ರ ಡಿಸೆಂಬರಿನಲ್ಲಿ ಭೋಪಾಲದ ದುರಂತ ನಡೆದ ಮೇಲೆ, 1987ರಲ್ಲಿ, 1948ರ ಕಾರ್ಖಾನೆ ಕಾಯಿದೆಗೆ ಅಪಾಯಕಾರಿ ಪ್ರಕ್ರಿಯೆಗಳ ಬಗ್ಗೆ ಹೊಸದೊಂದು ಅಧ್ಯಾಯವನ್ನೇ ಸೇರಿಸಿದರು. ತಾನು ಕೆಲಸ ಮಾಡುವ ವಸ್ತುವಿನಿಂದ ಆರೋಗ್ಯಕ್ಕೆ ಏನು ಕೇಡೆಂದು ಕೆಲಸಗಾರನಿಗೆ ತಿಳಿಸಲೇಬೇಕೆಂದು ಅದು ವಿಧಿಸಿತು; ಕಣ್ಣೆದುರಿನ ಅಪಾಯವನ್ನು ಕಂಡು ಮೇಲಿನವರನ್ನು ಎಚ್ಚರಿಸುವ ಹಕ್ಕನ್ನೂ ಕೊಟ್ಟಿತು. ಆ ಕಾಯಿದೆಯ ಸ್ಥಾನಕ್ಕೆ, ಗಣಿ ಕಾಯಿದೆಯ ಸ್ಥಾನಕ್ಕೂ, ಈಗ 2020ರ ಸಂಹಿತೆ ಬಂದಿದೆ. 2025ರ ನವೆಂಬರಿನಿಂದ ಅದು ಜಾರಿಯಲ್ಲಿದೆ. ಆದರೆ ಸಂಶೋಧನೆಯ ವಿದ್ಯಾರ್ಥಿ ಕಾರ್ಮಿಕನೇ? ಅಲ್ಲ. ಅವನಿಗೆ ಬರುವುದು ಸಂಬಳವಲ್ಲ, ವಿದ್ಯಾರ್ಥಿವೇತನ. ಹಾಗಾದರೆ ಅವನು ತರಗತಿಯಲ್ಲಿ ಕುಳಿತು ಪಾಠ ಕೇಳುವ ಹುಡುಗನೇ? ಅದೂ ಅಲ್ಲ. ರಾತ್ರಿ ಹನ್ನೊಂದು ಗಂಟೆಗೆ, ಕಾವಲುಗಾರನೂ ತೂಕಡಿಸುವಾಗ, ಒಬ್ಬನೇ ನಿಂತು ಈಥರನ್ನು ಕುದಿಸುವವನು ಅವನು. ಇತ್ತ ಶ್ರೇಣಿಗೂ ಸೇರದೆ ಅತ್ತ ಶ್ರೇಣಿಗೂ ಸೇರದೆ ತ್ರಿಶಂಕುವಿನಂತೆ ನಡುವೆ ನಿಂತಿದ್ದಾನೆ.

ವಿಕಿರಣಶೀಲ ವಸ್ತುಗಳಿರುವ ಕಡೆ ಮಾತ್ರ ನಮ್ಮ ಕಟ್ಟುಪಾಡು ಬಿಗಿಯಾಗಿದೆ. ಅಣುಶಕ್ತಿ ನಿಯಂತ್ರಣ ಮಂಡಳಿಯ ಕಣ್ಣು ಅಲ್ಲಿದೆ. 2004ರ ನಿಯಮಗಳಂತೆ ವಿಕಿರಣ ಸುರಕ್ಷತೆಗೆ ಹೊಣೆಯಾದ ಅಧಿಕಾರಿ ಬೇಕು, ಕೆಲಸಗಾರ ಎಷ್ಟು ವಿಕಿರಣಕ್ಕೆ ಒಡ್ಡಿಕೊಂಡನೆಂದು ಅಳೆಯಬೇಕು. ತಳಿಗಳನ್ನು ಮಾರ್ಪಡಿಸುವ ಜೀವಶಾಸ್ತ್ರದ ಕೆಲಸಕ್ಕೆ 1989ರ ನಿಯಮಗಳು ಸಂಸ್ಥೆಗೊಂದು ಜೈವಿಕ ಸುರಕ್ಷತಾ ಸಮಿತಿಯನ್ನು ಕೇಳುತ್ತವೆ. ಆದರೆ ಸಾಮಾನ್ಯ ರಸಾಯನ ಪ್ರಯೋಗಾಲಯ, ಎಂದರೆ ಅತ್ಯಂತ ಹೆಚ್ಚು ಮಕ್ಕಳು ದುಡಿಯುವ ಕಡೆ, ಬಹಳಮಟ್ಟಿಗೆ ಆಯಾ ಸಂಸ್ಥೆಯ ವಿವೇಕಕ್ಕೆ ಬಿಟ್ಟದ್ದು. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ 2019ರಲ್ಲಿ ಪಿಎಚ್.ಡಿ.ಗೆ ಸೇರಿದವರೆಲ್ಲರಿಗೂ ಸಂಶೋಧನೆ ಮತ್ತು ಪ್ರಕಟಣೆಯ ನೀತಿಯ ಬಗ್ಗೆ ಮೂವತ್ತು ಗಂಟೆಗಳ ಪಾಠವನ್ನು ಕಡ್ಡಾಯ ಮಾಡಿತು. ಒಳ್ಳೆಯದೇ. ಒಬ್ಬರು ಬರೆದದ್ದನ್ನು ಮತ್ತೊಬ್ಬರು ಕದಿಯಬಾರದೆಂದು ತಿಳಿಯಲು ಮೂವತ್ತು ಗಂಟೆ ಬೇಕಾದರೆ ಬೇಕೆನ್ನೋಣ. ಹೈಡ್ರೋಫ್ಲೂರಿಕ್ ಆಮ್ಲ ಕೈಗೆ ತಾಗಿದಾಗ ಮೊದಲು ಏನು ಮಾಡಬೇಕೆಂಬುದಕ್ಕೆ ಮೂರು ಗಂಟೆಯಾದರೂ ಸಲ್ಲಬಹುದಿತ್ತು. ಆ ಆಮ್ಲ ಮೊದಲು ನೋಯಿಸುವುದೂ ಇಲ್ಲ. ಚರ್ಮವನ್ನು ದಾಟಿ ಒಳಗಿಳಿದು ದೇಹದ ಸುಣ್ಣದ ಅಂಶವನ್ನೇ ಹಿಡಿದುಕೊಳ್ಳುತ್ತದೆ. ತಕ್ಷಣ ನೀರಿನಲ್ಲಿ ತೊಳೆದು ಕ್ಯಾಲ್ಸಿಯಂ ಗ್ಲುಕೊನೇಟಿನ ಲೇಪವನ್ನು ಹಚ್ಚಬೇಕು, ಆಸ್ಪತ್ರೆಗೆ ಓಡಬೇಕು. ಲೇಪದ ಕೊಳವೆ ಕಪಾಟಿನಲ್ಲಿ ಇರಬೇಕು. ಇದೆಯೆಂದು ಎಲ್ಲರಿಗೂ ಗೊತ್ತಿರಬೇಕು.

ಅಮೆರಿಕದಂಥ ಸಿರಿವಂತ ದೇಶದಲ್ಲಿ ಇದೆಲ್ಲ ಸರಿಯಾಗಿರುತ್ತದೆಂದು ಭಾವಿಸುವವರಿದ್ದಾರೆ. ಅಲ್ಲಿ 1990ರಲ್ಲಿಯೇ ಪ್ರಯೋಗಾಲಯಗಳಿಗೆಂದು ಪ್ರತ್ಯೇಕ ನಿಯಮ ಬಂತು: ರಾಸಾಯನಿಕಗಳೊಡನೆ ಕೆಲಸ ಮಾಡುವವನಿಗೆ ಕೆಲಸಕ್ಕೆ ಹಚ್ಚುವಾಗಲೇ ತರಬೇತಿ ಕೊಡಬೇಕು, ಲಿಖಿತ ಯೋಜನೆ ಇರಬೇಕು. ಆದರೂ 2008ರ ಡಿಸೆಂಬರ್ 29ರಂದು, ಕ್ರಿಸ್‌ಮಸ್ ರಜೆಯ ನಡುವೆ, ಲಾಸ್ ಏಂಜಲಿಸಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಇಪ್ಪತ್ತಮೂರು ವರ್ಷದ ಸಂಶೋಧನಾ ಸಹಾಯಕಿಯೊಬ್ಬಳು ಟರ್ಷಿಯರಿ ಬ್ಯುಟೈಲ್ ಲಿಥಿಯಮ್ ಎಂಬ ದ್ರವವನ್ನು ಸಿರಿಂಜಿಗೆ ಎಳೆಯುತ್ತಿದ್ದಳು. ಗಾಳಿ ಸೋಕಿದ ಮಾತ್ರಕ್ಕೆ ತಾನಾಗಿ ಹೊತ್ತಿಕೊಳ್ಳುವ ವಸ್ತು ಅದು. ಸಿರಿಂಜಿನ ದಂಡ ಹೊರಗೆ ಬಂದುಬಿಟ್ಟಿತು. ಆಕೆ ಪ್ರಯೋಗಾಲಯದ ಅಂಗಿಯನ್ನು ಧರಿಸಿರಲಿಲ್ಲ. ಮೈಮೇಲೆ ಇದ್ದದ್ದು ಕೃತಕ ನೂಲಿನ ಸ್ವೆಟರು. ಹದಿನೆಂಟು ದಿವಸ ನರಳಿ 2009ರ ಜನವರಿ 16ರಂದು ತೀರಿಕೊಂಡಳು. ಆಕೆಗೆ ತರಬೇತಿ ಕೊಟ್ಟದ್ದಕ್ಕೆ ದಾಖಲೆಯೇ ಇಲ್ಲವೆಂದು ವಿಚಾರಣೆ ಮಾಡಿದ ರಾಜ್ಯದ ಅಧಿಕಾರಿಗಳು ಕಂಡುಕೊಂಡರು. 2011ರಲ್ಲಿ ವಿಶ್ವವಿದ್ಯಾನಿಲಯದ ಆಡಳಿತದವರ ಮೇಲೂ ಆಕೆಯ ಪ್ರಾಧ್ಯಾಪಕರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಲಾಯಿತು. ಮುಂದೆ ಎರಡೂ ಒಪ್ಪಂದಗಳಲ್ಲಿ ಕೊನೆಗೊಂಡವು. ಅಚ್ಚರಿಯೆಂದರೆ, ಸರಿಯಾಗಿ ಒಂದು ವರ್ಷದ ಮೇಲೆ, 2009ರ ಅದೇ ಡಿಸೆಂಬರ್ 29ರಂದು, ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದ ರಸಾಯನ ಪ್ರಯೋಗಾಲಯವೊಂದರಲ್ಲಿ ಬೆಂಕಿ ಹೊತ್ತಿ ಇಬ್ಬರು ತರುಣ ಸಂಶೋಧಕರು ಅಸುನೀಗಿದರು.

ತರಬೇತಿಯೊಂದಿದ್ದರೆ ಯಮನೇ ಹಿಂದಿರುಗುತ್ತಾನೆಂದು ಹೇಳಿದರೆ ಅದೂ ಸುಳ್ಳಾದೀತು. ಡಾರ್ಟ್‌ಮತ್ ಕಾಲೇಜಿನ ಪ್ರಾಧ್ಯಾಪಕಿ ಕರೆನ್ ವೆಟರ್‌ಹಾನ್ ವಿಷಲೋಹಗಳ ವಿಷಯದಲ್ಲಿ ಪ್ರಸಿದ್ಧ ವಿದುಷಿ. 1996ರ ಆಗಸ್ಟ್ 14ರಂದು ಡೈಮಿಥೈಲ್ ಪಾದರಸದ ಕೆಲವೇ ಹನಿಗಳು ಅವರ ಕೈಗವಸಿನ ಮೇಲೆ ಬಿದ್ದವು. ಆಗ ತಿಳಿದಿದ್ದ ನಿಯಮಗಳನ್ನೆಲ್ಲ ಅವರು ಪಾಲಿಸಿದ್ದರು. ಗವಸನ್ನು ಕಳಚಿ ಕೈ ತೊಳೆದರು. ತಿಂಗಳುಗಳು ಕಳೆದ ಮೇಲೆ ನಡಿಗೆ ತಪ್ಪಿತು, ಮಾತು ತೊದಲಿತು. 1997ರ ಜೂನ್ 8ರಂದು ಅವರು ಅಗಲಿದರು. ಆ ಬಗೆಯ ರಬ್ಬರು ಗವಸನ್ನು ಆ ವಿಷ ಹದಿನೈದು ಸೆಕೆಂಡುಗಳೊಳಗೆ ದಾಟುತ್ತದೆಂದು ತಿಳಿದದ್ದು ಆಮೇಲಿನ ಪರೀಕ್ಷೆಯಿಂದ. ಇಂದು ಗವಸಿನಲ್ಲಿಯೂ ಜಾತಿಗಳಿವೆಯೆಂದು ತರಬೇತಿಯಲ್ಲಿ ಹೇಳಿಕೊಡುವ ಪಾಠದ ಹಿಂದೆ ಅವರ ಸಾವಿದೆ. ಈ ಪಾಠವನ್ನೂ ಕೇಳದೆ ಸಿಕ್ಕಿದ ಗವಸನ್ನು ತೊಟ್ಟುಕೊಳ್ಳುವವರು ಅವರ ಋಣವನ್ನು ತೀರಿಸದವರು.

ಅಪಾಯ ಪ್ರಯೋಗಾಲಯದ ಗೋಡೆಯೊಳಗೇ ನಿಲ್ಲುವುದೆಂದೂ ಇಲ್ಲ. ದೆಹಲಿ ವಿಶ್ವವಿದ್ಯಾನಿಲಯದ ರಸಾಯನ ವಿಭಾಗ 1968ರಲ್ಲಿ ಕೆನಡಾದಿಂದ ಒಂದು ವಿಕಿರಣ ಯಂತ್ರವನ್ನು ತರಿಸಿತ್ತು. 1985ರಿಂದ ಅದು ಉಪಯೋಗವಿಲ್ಲದೆ ಕೋಣೆಯಲ್ಲಿ ಬಿದ್ದಿತ್ತು. 2010ರಲ್ಲಿ ಅದನ್ನು ಹಳೆಯ ಕಬ್ಬಿಣವೆಂದು ಹರಾಜಿಗೆ ಹಾಕಿದರು. ಮಾಯಾಪುರಿಯ ಗುಜರಿಯವರು ಸೀಸದ ಕವಚವನ್ನು ಒಡೆದು ಒಳಗಿದ್ದ ಕೊಬಾಲ್ಟ್-60ನ್ನು, ಅದೇನೆಂದೇ ಅರಿಯದೆ, ಬರಿಗೈಯಿಂದ ಹಿಡಿದರು. ಹಲವರು ಆಸ್ಪತ್ರೆ ಸೇರಿದರು. ಒಬ್ಬನು ಏಪ್ರಿಲ್ ತಿಂಗಳಿನಲ್ಲಿ ಸತ್ತನು. ವಿಕಿರಣದ ನಿಯಮಗಳು ಬಿಗಿಯಾಗಿರುವ ದೇಶದಲ್ಲಿಯೇ ಇದು ನಡೆದದ್ದು. ಪುಸ್ತಕದಲ್ಲಿದ್ದ ನಿಯಮ ಆ ಕೋಣೆಯ ಬೀಗದ ಕೈ ಇದ್ದವರ ತಲೆಗೆ ಇಳಿದಿರಲಿಲ್ಲ. ನಮ್ಮವರ ಗಾದೆಯೊಂದಿದೆ, ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರು ಎಂದು. ಹಂಪಿಯ ನೆರೆಹೊರೆಯವರಿಗೆ ಆ ಗಾದೆಯ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ.

ತರಬೇತಿಯೆಂದರೆ ದೊಡ್ಡ ಖರ್ಚಿನ ಮಾತೆಂದು ಹಲವರು ಹೆದರುತ್ತಾರೆ. ತಂದೆಯೂ ಮಗಳೂ ಆ ರಾತ್ರಿ ಜಗುಲಿಯ ಮೇಲೆ ಕುಳಿತು ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದ ಪಟ್ಟಿಯಲ್ಲಿ ಹೆಚ್ಚಿನವು ಪುಕ್ಕಟೆಯವೇ ಆಗಿದ್ದವು. ನೀರಿಗೆ ಆಮ್ಲವನ್ನು ಸುರಿಯಬೇಕು, ಆಮ್ಲಕ್ಕೆ ನೀರನ್ನಲ್ಲ. ಕೂದಲು ಕಟ್ಟಬೇಕು, ದುಪಟ್ಟಾ ಬಾಗಿಲ ಹೊರಗಿನ ಮೊಳೆಯ ಮೇಲೆ ಇರಬೇಕು. ರಾತ್ರಿ ಒಬ್ಬರೇ ಇರಕೂಡದು. ಬಾಟಲಿಯ ಮೇಲಿನ ಹೆಸರು ಅಳಿಸಿದ್ದರೆ ವಾಸನೆ ನೋಡಿ ಹೆಸರು ಹೇಳುವ ಜಾಣತನ ಬೇಡ. ಈಥರಿನ ಬಾಟಲಿಯನ್ನು ತೆರೆದ ದಿನ ತಾರೀಖು ಬರೆಯಬೇಕು, ಏಕೆಂದರೆ ಹಳೆಯದಾದಷ್ಟೂ ಅದು ತನ್ನೊಳಗೆ ಸಿಡಿಮದ್ದನ್ನು ತಯಾರಿಸಿಕೊಳ್ಳುತ್ತದೆ. ಸೋಡಿಯಮ್ಮಿನ ಚೂರನ್ನು ಎಂದೂ ತೊಟ್ಟಿಗೆ ಎಸೆಯಕೂಡದು. ಮುಚ್ಚಿದ ಕೋಣೆಯಲ್ಲಿ ದ್ರವ ಸಾರಜನಕವನ್ನು ಸುರಿಯಕೂಡದು. ಒಂದು ಪಾಲು ದ್ರವ ಏಳುನೂರು ಪಾಲು ಅನಿಲವಾಗಿ, ಉಸಿರಾಡುವ ಗಾಳಿಯನ್ನು ಸದ್ದಿಲ್ಲದೆ ಹೊರಗಟ್ಟುತ್ತದೆ. ಈ ಕೊನೆಯದನ್ನು ಕೇಳಿ ತಂದೆ ತಲೆದೂಗಿದನು. ಅವರ ಕಾರ್ಖಾನೆಯ ಕೋಣೆಯಲ್ಲಿಯೂ ಮೊದಲನೆಯ ಪಾಠ ಇದೇ: ಬಿದ್ದವನನ್ನು ಎತ್ತಲು ಹಿಂದೆಮುಂದೆ ನೋಡದೆ ಓಡಬಾರದು, ಓಡಿದವನು ಎರಡನೆಯ ಹೆಣ. ಅದನ್ನು ಒಪ್ಪಿಕೊಳ್ಳುವುದು ಮನುಷ್ಯನಾದವನಿಗೆ ಕಷ್ಟ. ಅದಕ್ಕೇ ಅದನ್ನು ಹೇಳಿಕೊಟ್ಟು, ಮತ್ತೆ ಮತ್ತೆ ಆಡಿಸಿ ಕಲಿಸಬೇಕು. ಆ ಹೊತ್ತಿನಲ್ಲಿ ಯೋಚಿಸಿ ಹೊಳೆಯುವ ಮಾತಲ್ಲ ಅದು.

ಪಟ್ಟಿಯಲ್ಲಿ ಒಂದು ಸಾಲಿನ ಬಗ್ಗೆ ಮಾತ್ರ ಇಬ್ಬರಿಗೂ ವಾದವಾಯಿತು. ಕೆಲಸ ಅಪಾಯದ್ದೆಂದು ತೋರಿದರೆ ಮಾಡಲಾರೆನೆಂದು ಹೇಳಬೇಕು ಎಂದು ತಂದೆ ಬರೆಸಿದನು. ಮಗಳು ಪೆನ್ನನ್ನು ಕೆಳಗಿಟ್ಟಳು. ಮಾರ್ಗದರ್ಶಕರಿಗೆ ಹಾಗೆ ಹೇಳುವುದು ಹೇಗೆ? ಪ್ರಬಂಧಕ್ಕೆ ರುಜು ಹಾಕುವವರು ಅವರು. ಮುಂದೆ ಕೆಲಸಕ್ಕೆ ಶಿಫಾರಸು ಬರೆಯುವವರೂ ಅವರೇ. ಗುತ್ತಿಗೆಯ ಕೂಲಿಗೂ ಅದು ಸುಲಭವಲ್ಲವೆಂದು ತಂದೆ ಒಪ್ಪಿಕೊಂಡನು. ಎದುರು ಮಾತಾಡಿದವನ ಹೆಸರು ಮುಂದಿನ ತಿಂಗಳ ಪಟ್ಟಿಯಲ್ಲಿ ಕಾಣೆಯಾದದ್ದನ್ನು ಅವನೂ ಕಂಡವನೇ. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ದೂರದಲ್ಲಿ ಕುಲುಮೆಯ ಬೆಳಕು ಆಕಾಶವನ್ನು ಕೆಂಪಾಗಿಸಿತು, ಮತ್ತೆ ಕಂದಿತು. ಆ ಸಾಲನ್ನು ಅವಳು ಅಳಿಸಲಿಲ್ಲ. ಅದರ ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆಯನ್ನು ಇಟ್ಟಳು.

ಸುರಕ್ಷತೆಯ ತರಬೇತಿಯ ಮಾತನಾಡುವವರು ಹೆಚ್ಚಾಗಿ ಈ ಪ್ರಶ್ನಾರ್ಥಕ ಚಿಹ್ನೆಯ ಬಳಿಗೆ ಬರುವುದಿಲ್ಲ. ಗವಸು, ಕನ್ನಡಕ, ಗೋಡೆಯ ಮೇಲಿನ ಫಲಕ ಇವುಗಳ ಬಗ್ಗೆ ಹೇಳಿ ಮುಗಿಸುತ್ತಾರೆ. ಮೊದಲು ತರಗತಿಯಲ್ಲಿ ಕೂರಬೇಕಾದವರು ವಿದ್ಯಾರ್ಥಿಗಳಲ್ಲ, ಪ್ರಾಧ್ಯಾಪಕರು ಎಂದರೆ ಕೆಲವರಿಗೆ ಕೋಪ ಬರಬಹುದು. ಆದರೆ ಕಾರ್ಖಾನೆಯ ಗೇಟಿನಲ್ಲಿ ದೊಡ್ಡ ಇಂಜಿನಿಯರನಿಗೂ ಶಿರಸ್ತ್ರಾಣ ಬೇಕೇ ಬೇಕು. ಗುರುವೇ ಬರಿಗಣ್ಣಿನಿಂದ ಒಲೆಯ ಮುಂದೆ ನಿಂತರೆ ಶಿಷ್ಯನ ಕನ್ನಡಕ ಹಣೆಯ ಮೇಲೇರಿ ಕೂರುವುದಕ್ಕೆ ಎಷ್ಟು ಹೊತ್ತು?

ರಜೆ ಮುಗಿಯಿತು. ತಾಯಿ ದುಪಟ್ಟಾವನ್ನು ಎಸೆಯಲಿಲ್ಲ. ಸಂಡೂರಿನ ಸುತ್ತಿನ ತಾಂಡಾಗಳಲ್ಲಿ ಲಂಬಾಣಿ ಹೆಂಗಸರು ಹಾಕುವ ಕಸೂತಿಯನ್ನು ನೋಡಿ ಕಲಿತದ್ದರಿಂದ, ಮೂರು ತೂತುಗಳ ಮೇಲೆಯೂ ಮೂರು ಪುಟ್ಟ ಕನ್ನಡಿಗಳನ್ನಿಟ್ಟು ಕೆಂಪು ನೀಲಿ ನೂಲಿನಿಂದ ಸುತ್ತ ಹೆಣೆದಳು. ಮೊದಲಿಗಿಂತ ಚೆಂದವಾಯಿತು. ಆದರೆ ಪ್ರಯೋಗಾಲಯಕ್ಕೆ ಹಾಕಿಕೊಂಡು ಹೋಗಕೂಡದೆಂದು ಕಟ್ಟಪ್ಪಣೆ ಮಾಡಿದಳು. ತಂದೆ ತೋರಣಗಲ್ಲಿನ ಅಂಗಡಿಗೆ ಹೋಗಿ ಎರಡು ಗಜ ಕಬ್ಬಿಣದ ಸರಪಳಿ, ನಾಲ್ಕು ಕೊಂಡಿ, ಗೋಡೆಗೆ ಹೊಡೆಯುವ ಮೊಳೆಗಳನ್ನು ಕೊಂಡುತಂದು, ಹಳೆಯ ಪತ್ರಿಕೆಯಲ್ಲಿ ಸುತ್ತಿ, ಚಕ್ಕುಲಿಯ ಡಬ್ಬಿಯ ಪಕ್ಕದಲ್ಲಿಯೇ ಮಗಳ ಚೀಲದಲ್ಲಿ ಇಟ್ಟನು. ಚೀಲವನ್ನು ಬಸ್ಸಿಗೆ ಏರಿಸುವಾಗ ಝಣಝಣ ಸದ್ದಾಯಿತು. ಪಿಎಚ್.ಡಿ. ಮಾಡುವ ಹುಡುಗಿಯ ಚೀಲದಲ್ಲಿ ಎಮ್ಮೆ ಕಟ್ಟುವ ಸರಪಳಿ ಏಕೆಂದು ಕಂಡಕ್ಟರು ಕೇಳಿದನು. ಹಾಸ್ಟೆಲಿನಲ್ಲಿ ಎಮ್ಮೆ ಸಾಕಿದ್ದೇವೆ, ಬಹಳ ಸಿಡುಕಿನದು ಎಂದು ಅವಳು ಉತ್ತರ ಕೊಟ್ಟಳು.

ಸಿಲಿಂಡರಿಗೆ ಸರಪಳಿ ಬಿಗಿಯುವ ದಿನ ಹಿರಿಯ ವಿದ್ಯಾರ್ಥಿ ನಗುತ್ತ ನಿಂತಿದ್ದನು. ಆಮೇಲೆ ತಾನೇ ಸುತ್ತಿಗೆಯನ್ನು ಕೈಗೆ ತೆಗೆದುಕೊಂಡನು. ಕ್ಯಾಲೆಂಡರಿನ ಪಟ್ಟಿಯನ್ನು ಅವಳು ಶುದ್ಧವಾಗಿ ಬರೆದು ಬಾಗಿಲಿಗೆ ಅಂಟಿಸಿದಳು, ಪ್ರಶ್ನಾರ್ಥಕ ಚಿಹ್ನೆಯ ಸಾಲನ್ನು ಮಾತ್ರ ಬಿಟ್ಟು. ಮಾರ್ಗದರ್ಶಕರು ಅದರ ಮುಂದೆ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದರು. ಒಂದು ಕಾಗುಣಿತದ ತಪ್ಪನ್ನು ತಿದ್ದಿದರು. ಏನೂ ಹೇಳದೆ ಒಳಗೆ ಹೋದರು. ಮರುವಾರ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದ ಹುಡುಗನೊಬ್ಬ ಬೀಗದ ಕೈ ಕೇಳಲು ಬಂದಾಗ, ಅವನನ್ನು ಎರಡು ದಿವಸ ಕಪಾಟುಗಳ ಮುಂದೆ ಕೂರಿಸಿ ಪಾಠ ಹೇಳುವಂತೆ ಅವಳಿಗೇ ಹೇಳಿ ಕಳುಹಿಸಿದರು. ಎರಡನೆಯ ದಿನದ ಸಂಜೆ ಅವಳು ಅವನಿಗೆ ಪರೀಕ್ಷೆ ಕೊಟ್ಟಳು. ಹತ್ತರಲ್ಲಿ ಆರು ಬಂತು. ಬೀಗದ ಕೈ ಅವಳ ಹತ್ತಿರವೇ ಉಳಿಯಿತು.

ಆ ರಾತ್ರಿ ಅವಳು ಕುರೆಕುಪ್ಪಕ್ಕೆ ಫೋನು ಮಾಡಿ, ಇನ್ನೂ ಎರಡು ಗಜ ಸರಪಳಿ ಬೇಕು, ಪಕ್ಕದ ಕೋಣೆಯವರು ಕೇಳುತ್ತಿದ್ದಾರೆ ಎಂದು ತಂದೆಗೆ ತಿಳಿಸಿದಳು.